ಮೊದಲ ಕೂಗಿಗೇ ಓ ಅನ್ನುವ ಅಂಜನಕುಮಾರ್

ಮಕ್ತಲದಲ್ಲಿ ಅಂಜನಕುಮಾರನನ್ನು ಯಾರೂ ಎರಡು ಸಲ ಕೂಗಬೇಕಿಲ್ಲ. ಸಂತೆಯ ಆ ತುದಿಯಿಂದ ಕರೆಯಿರಿ, ಬಸ್ಸಿನ ಹಾರ್ನಿನ ನಡುವೆ ಕರೆಯಿರಿ, ಮೊದಲ ಕೂಗಿಗೇ "ಓ" ಎಂದು ತಿರುಗುತ್ತಾನೆ. ಬೇರೆ ಯಾವನೋ ಅಂಜನನನ್ನು ಕರೆದರೂ ಓಗೊಡುತ್ತಾನೆ. ಗುಡಿಯಲ್ಲಿ ಭಕ್ತರು "ಆಂಜನೇಯಾ" ಎಂದು ಕೈಯೆತ್ತಿದಾಗಲೂ ಒಮ್ಮೆ ಓ ಅಂದನಂತೆ. ಊರವರು ಇದನ್ನು ಹೇಳಿಕೊಂಡು ಹೊಟ್ಟೆ ಹಿಡಿದು ನಗುತ್ತಾರೆ. ಯಾಕೆ ಹಾಗೆ ಎಂದು ಕೇಳಿ ತಿಳಿದವರು ಮಾತ್ರ ಆಮೇಲೆ ನಗುವುದಿಲ್ಲ.

ಕೃಷ್ಣೆಯ ಹಿನ್ನೀರಿನ ದಂಡೆಯ ಮೇಲೆ ಒಂದು ಏತ ನೀರಾವರಿಯ ಪಂಪ್‌ಹೌಸಿದೆ. ಅಲ್ಲಿ ಅವನು ಆಪರೇಟರ್. ಕುರುಬರ ಮಾರೆಪ್ಪನ ಮಗ. ತೆಲಂಗಾಣ ರಾಜ್ಯ ಬಂದ ವರ್ಷವೇ ಅವನಿಗೆ ಕೆಲಸ ಬಂತು, ಕೆಲಸದ ಹಿಂದೆ ಹೊಟ್ಟೆ ಬಂತು. ಮಹಬೂಬನಗರ ಜಿಲ್ಲೆಯ ಬೋರ್ಡು ಅಳಿಸಿ ನಾರಾಯಣಪೇಟೆ ಜಿಲ್ಲೆ ಎಂದು ಬರೆಯುವ ಹೊತ್ತಿಗೆ ಸಕ್ಕರೆ ಕಾಯಿಲೆಯೂ ಬಂತು. ಅಪ್ಪ ಕುರಿಗಳ ಹಿಂದೆ ರಾಯಚೂರಿನಾಚೆಗೂ ನಡೆದವನು, ಮಗ ಕಡ್ಡಿಪೆಟ್ಟಿಗೆ ತರಲು ಬೈಕು ಹತ್ತುವವನು. ನಡೆಯಿರಿ ಎಂದರು ಡಾಕ್ಟರು. ಅರ್ಧಕ್ಕೆ ನಿಲ್ಲುವ ಜಾಯಮಾನ ಅವನದಲ್ಲ. ಆರು ತಿಂಗಳು ನಡೆದ, ಮತ್ತಾರು ತಿಂಗಳು ಓಡಿದ, ಆಮೇಲೆ ಮೊಬೈಲಿನಲ್ಲಿ ಟ್ರಯಥ್ಲಾನ್ ಎಂಬುದನ್ನು ನೋಡಿದ. ಸಮುದ್ರದಲ್ಲಿ ಸುಮಾರು ನಾಲ್ಕು ಕಿಲೋಮೀಟರ್ ಈಜು, ಒದ್ದೆ ಮೈಯಲ್ಲೇ ನೂರಾ ಎಂಬತ್ತು ಕಿಲೋಮೀಟರ್ ಸೈಕಲ್ಲು, ಇಳಿದವನೇ ನಲವತ್ತೆರಡು ಕಿಲೋಮೀಟರ್ ಓಟ. ಎಲ್ಲವೂ ಹದಿನೇಳು ಗಂಟೆಯಲ್ಲಿ ಮುಗಿಯಬೇಕು. ಅಂಥದ್ದೊಂದು ರೇಸಿಗೆ ಹೆಸರು ಕೊಟ್ಟೇಬಿಟ್ಟ.

"ಸಕ್ಕರಿ ಇಳಸಾಕ ಚಾ ಬಿಡು ಅಂದ್ರ ಆಗಲಿಲ್ಲ, ಸಮುದ್ರ ಈಸ್ತೀನಿ ಅಂತಾನ," ಎಂದಳು ಹೆಂಡತಿ ಮೌನಿಕಾ. ಆದರೂ ನಾಲ್ಕಕ್ಕೆ ಎದ್ದು ಜೋಳದ ರೊಟ್ಟಿ ಬಡಿದುಕೊಟ್ಟಳು. ಶನಿವಾರ ನಾರಾಯಣಪೇಟೆಯವರೆಗೆ ಓಟ, ಬರುವಾಗ ಬಸ್ಸು. ಭಾನುವಾರ ಸೈಕಲ್ಲು, ಜುರಾಲಾ ಅಣೆಕಟ್ಟು ದಾಟಿ, ಗದ್ವಾಲಿನ ಕೋಟೆ ಬಳಸಿ, ಇಟಿಕ್ಯಾಲದಲ್ಲಿ ಚಹಾ ಕುಡಿದು ವಾಪಸ್ಸು. ಉಳಿದ ದಿನ ಬೆಳಗಿನ ಜಾವ ಹಿನ್ನೀರಿನಲ್ಲಿ ಈಜು. ಅವನ ಎಡಗೈಯ ಗಡಿಯಾರ ಎಲ್ಲವನ್ನೂ ಬರೆದಿಡುತ್ತಿತ್ತು: ಎಷ್ಟು ದೂರ, ಎಷ್ಟು ವೇಗ, ಎದೆ ಎಷ್ಟು ಬಡಿಯಿತು.

ಈಜುವಾಗ ಹಿಂದೆ ಕಾವಲಿಗೆ ಬರುತ್ತಿದ್ದವನು ನರಸಿಂಹುಲು. ಬೆಸ್ತರವನು, ಐವತ್ತರ ಆಸುಪಾಸು, ಬೀಡಿಯಷ್ಟೇ ತೆಳ್ಳಗೆ. ಒಂದು ಹರಗೋಲು, ಒಂದು ಬಲೆ, ಬುಚ್ಚಮ್ಮ ಎಂಬ ಹೆಂಡತಿ. ಇಷ್ಟು ಅವನ ಸಂಸಾರ. ಮನೆಮಾತು ತೆಲುಗು, ಮಕ್ತಲದ ಸಂತೆಯಲ್ಲಿ ಕಲಿತದ್ದು ಕನ್ನಡ. ಮೊದಲ ದಿನ ನೀರಿಗಿಳಿಯಲು ಅಂಜನಕುಮಾರ ಹಿಂದೆಮುಂದೆ ನೋಡುತ್ತಿದ್ದಾಗ, "ಮೊಸಳಿ ಐತೇನೋ ಅಂತ ಅಂಜಬ್ಯಾಡ ಅಣ್ಣಾ. ನಿನ್ನ ಹೊಟ್ಟಿ ನೋಡಿದ್ರ ಅದೇ ದಂಡಿ ಹತ್ತಿ ಓಡತೈತಿ," ಎಂದು ಹುಟ್ಟು ಬಿಟ್ಟು ನಕ್ಕಿದ್ದ.

ಅಂಜನಕುಮಾರನಿಗೆ ಮೊಸಳೆಯ ಹೆದರಿಕೆ ಇರಲಿಲ್ಲ. ಅವನ ಹೆದರಿಕೆಯೇ ಬೇರೆ. ಅದನ್ನು ಅವನೊಳಗೆ ನೆಟ್ಟವಳು ಅಜ್ಜಿ ಕುರುಮಮ್ಮ. ತೊಂಬತ್ತು ದಾಟಿದರೂ ಹಟ್ಟಿಯ ಮೂಲೆಯಲ್ಲಿ ಕೂತು ಉಣ್ಣೆ ನೂಲುವ ಮುದುಕಿ. ಹೊಲದಲ್ಲಿ ಕುರಿ ನಿಲ್ಲಿಸಿ ಮಲಗುವ ಮನೆತನದ ಪ್ರತಿಯೊಂದು ಮಗುವಿಗೂ ಅವಳು ಹೇಳಿದ ಮಾತು ಒಂದೇ: "ಹೊತ್ತು ಮೂಡೋಕಿಂತ ಮುಂಚೆ, ಹೊತ್ತು ಮುಳುಗಿದ ಮ್ಯಾಲ, ಒಂದು ಕೂಗಿಗೆ ಓ ಅನಬ್ಯಾಡ. ಮನಶ್ಯಾರು ಮೂರು ಸಲ ಕೂಗ್ತಾರ. ಅದು ಒಂದೇ ಸಲ ಕೂಗತೈತಿ. ಓ ಅಂದ್ಯೋ, ಅದರ ಹಿಂದ ಹೋದಿ." ಅವಳ ಮೈದುನ ಪೆದ್ದಪ್ಪ ಹಾಗೆಯೇ ಹಳ್ಳದ ದಂಡೆಯಲ್ಲಿ ಓ ಅಂದು ಮೂರನೆಯ ದಿನಕ್ಕೆ ಮಣ್ಣಾದನಂತೆ. ಗಡಿಯಾರ ಕಟ್ಟಿಕೊಂಡ ಮೊಮ್ಮಗ ಇದನ್ನೆಲ್ಲ ನಂಬುತ್ತೇನೆ ಎಂದು ಯಾರ ಮುಂದೆಯೂ ಒಪ್ಪುತ್ತಿರಲಿಲ್ಲ. ಆದರೆ ನಸುಕಿನಲ್ಲಿ ಮೌನಿಕಾ ಕರೆದರೂ ಮೂರನೆಯ ಕೂಗಿಗಲ್ಲದೆ ಅವನು ಬಾಯಿ ಬಿಡುತ್ತಿರಲಿಲ್ಲ.

ನರಸಿಂಹುಲುವಿಗೂ ಅದನ್ನೇ ಹೇಳಿದ್ದ. ಮಂಜಿನಲ್ಲಿ ಎಲ್ಲಿ ತಿರುಗಬೇಕೆಂದು ಈಜುವವನಿಗೆ ಗೊತ್ತಾಗುವುದಿಲ್ಲ. ಹಿಂದಿನಿಂದ ಹರಗೋಲಿನವನು ಕೂಗಬೇಕು. "ಮೂರು ಸಲ ಕೂಗು. ಒಂದೇ ಸಲ ಕೂಗಿದ್ರ ನಾ ತಿರುಗಂಗಿಲ್ಲ ನೋಡು." ನರಸಿಂಹುಲು ಹಲ್ಲು ಕಿರಿದ. ಅಂದಿನಿಂದ ರಾಗ ಎಳೆದು "ಅಂಜನಾ... ಅಂಜನಾ... ಅಂಜನಾ..." ಎನ್ನುತ್ತಿದ್ದ. ಮೂರನೆಯದು ಕಿವಿಗೆ ಬಿದ್ದೊಡನೆ ಅಂಜನಕುಮಾರ "ಓ" ಎಂದು ಮೈ ಹೊರಳಿಸಿ ದಂಡೆಯ ಕಡೆ ಕೈ ಬೀಸುತ್ತಿದ್ದ. ಒಂದು ವರ್ಷ ಹೀಗೆ ನಡೆಯಿತು.

ಆ ದಿನ ಪುಷ್ಯ ಮಾಸ. ರೇಸಿಗೆ ಎಂಟು ವಾರ ಉಳಿದಿತ್ತು. ನೀರಿನ ಮೇಲೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮುಂದಕ್ಕೆ ಚಾಚಿದ ಕೈಯೇ ಅವನಿಗೆ ಕಾಣುತ್ತಿರಲಿಲ್ಲ. ಹಿಂದೆ ಹುಟ್ಟಿನ ಸದ್ದು ಕೇಳುತ್ತಿತ್ತು, ಆಮೇಲೆ ಕೇಳಲಿಲ್ಲ. ಬಲೆ ನೋಡಲು ನಿಂತಿರಬೇಕು ಎಂದುಕೊಂಡ. ಇನ್ನೂ ಸೂರ್ಯ ಹುಟ್ಟಿರಲಿಲ್ಲ.

"ಅಂಜನಾ."

ಒಂದೇ ಸಲ. ರಾಗವಿಲ್ಲ. ಹಿಂದಿನಿಂದ, ಸ್ವಲ್ಪ ಕೆಳಗಿನಿಂದ ಬಂದ ಹಾಗಿತ್ತು. ಅವನು ಕಾಲಾಡಿಸುತ್ತ ನಿಂತು ಎರಡನೆಯದಕ್ಕೆ ಕಾದ. ಎರಡನೆಯದು ಬರಲಿಲ್ಲ. ಅಜ್ಜಿಯ ಮಾತು ನೆನಪಾಯಿತು. ಹಿಂದಿರುಗಿ ನೋಡಲಿಲ್ಲ. ಮುಖ ನೀರಿಗೆ ಹಾಕಿ ಎಂದೂ ಈಜದ ಹಾಗೆ ಈಜಿದ. ದಂಡೆ ಹತ್ತಿದಾಗ ಗಡಿಯಾರ ಕುಣಿದು ಮಿನುಗಿತು: ಇದುವರೆಗಿನ ನಿಮ್ಮ ಅತ್ಯುತ್ತಮ ಈಜು, ಅಭಿನಂದನೆ. ಬಿಸಿಲು ಬಿದ್ದು ಮಂಜು ಸರಿದಾಗ ನೀರಿನ ನಡುವೆ ಹರಗೋಲು ಒಂದೇ ಗರಗರ ತಿರುಗುತ್ತಿತ್ತು. ಅದರಲ್ಲಿ ಯಾರೂ ಇರಲಿಲ್ಲ.

ಮಾರನೆಯ ದಿನ ಶವ ಸಿಕ್ಕಿತು. ಬಲೆಯ ಹಗ್ಗ ಕಾಲಿಗೆ ಸುತ್ತಿತ್ತು. ಪೊಲೀಸರು ಕೇಳಿದರು, ಬುಚ್ಚಮ್ಮ ಕೇಳಿದಳು: ಕೂಗಿದನೇ? ಏನಾದರೂ ಕೇಳಿಸಿತೇ? "ಇಲ್ರಿ, ನನ್ನ ತೆಲಿ ನೀರಾಗ ಇತ್ತು, ಏನೂ ಕೇಳಸಲಿಲ್ಲ," ಎಂದ ಅಂಜನಕುಮಾರ. ಎಲ್ಲರೂ ನಂಬಿದರು. ಮಣ್ಣು ಕೊಡುವಾಗ ಹೆಗಲು ಕೊಟ್ಟವನೂ ಅವನೇ.

ಆಮೇಲೆ ಅವನು ನೀರಿಗಿಳಿಯಲಿಲ್ಲ. ನೆಲದ ಮೇಲಾದರೂ ತಯಾರಿ ನಡೆಯಲಿ ಎಂದು ಭಾನುವಾರ ಸೈಕಲ್ಲು ಹತ್ತಿದ. ಜುರಾಲಾ ಅಣೆಕಟ್ಟಿನ ಮೇಲೆ, ನಡುಮಧ್ಯದಲ್ಲಿ, ಹಿಂದೆ ಒಂದು ಗಾಡಿಯೂ ಇಲ್ಲದಾಗ ಕೇಳಿಸಿತು: "ಅಂಜನಾ." ಒಂದೇ ಸಲ. ಗದ್ವಾಲ್ ಮುಟ್ಟುವವರೆಗೆ ಪೆಡಲಿನ ಮೇಲಿನ ಕಾಲು ನಿಲ್ಲಲಿಲ್ಲ. ಮುಂದಿನ ಶನಿವಾರ ನಾರಾಯಣಪೇಟೆಯ ನೇಕಾರರ ಓಣಿಯಲ್ಲಿ ಓಡುತ್ತಿದ್ದ. ಎರಡೂ ಕಡೆ ಮಗ್ಗಗಳು ಟಕಟಕ ಅನ್ನುತ್ತಿದ್ದವು. ಇದ್ದಕ್ಕಿದ್ದ ಹಾಗೆ ಎಲ್ಲ ಮಗ್ಗಗಳೂ ಒಟ್ಟಿಗೆ ನಿಂತವು. ಆ ನಿಶ್ಶಬ್ದದಲ್ಲಿ ಬೆನ್ನ ಹಿಂದೆಯೇ "ಅಂಜನಾ" ಎಂದಿತು. ಮತ್ತೆ ಮಗ್ಗಗಳು ಟಕಟಕ ಶುರುವಾದವು. ಜಗಲಿಯ ಮೇಲೆ ನೂಲು ಸುತ್ತುತ್ತಿದ್ದ ಸಾಯಣ್ಣನೆಂಬ ಮುದುಕನನ್ನು, ಮಗ್ಗ ಯಾಕೆ ನಿಂತವು ಎಂದು ಕೇಳಿದ. "ಎಲ್ಲಿ ನಿಂತಾವಪ್ಪ? ಮುಂಜಾನಿಂದ ನಡದಾವಲ್ಲ," ಎಂದ ಸಾಯಣ್ಣ.

ಮನೆಗೆ ಬಂದು ಗಡಿಯಾರದ ಲೆಕ್ಕ ತೆಗೆದು ನೋಡಿದ. ಕೂಗು ಕೇಳಿದ ಜಾಗದಿಂದ ಮುಂದೆ ಪ್ರತಿ ಸಲವೂ ಅವನ ವೇಗ ಏರಿತ್ತು. ಮೊಬೈಲಿನ ಗುಂಪಿನಲ್ಲಿ ಹೈದರಾಬಾದಿನ ಓಟಗಾರರು ಹೊಗಳಿದ್ದೇ ಹೊಗಳಿದ್ದು: ಯಾರಣ್ಣಾ ನಿನ್ನ ಕೋಚ್? ಅಂಜನಕುಮಾರ ಮೊಬೈಲನ್ನು ಮಗುಚಿಟ್ಟ.

ಉಪ್ಪು ತಿಂದವನು ನೀರು ಕುಡಿಯಲೇಬೇಕು. ರೇಸಿಗೆ ಮೂರು ವಾರ ಇರುವಾಗ ಮೀನಿನ ಬಜಾರಿಗೆ ಹೋದ. ಬುಚ್ಚಮ್ಮ ಈಳಿಗೆಮಣೆಯ ಮುಂದೆ ಕೂತು ಮೀನು ಸೀಳುತ್ತಿದ್ದಳು. ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ಎಲ್ಲವನ್ನೂ ಹೇಳಿದ: ಮಂಜು, ಕೂಗು, ಅಜ್ಜಿಯ ಮಾತು, ತಾನು ಹೇಳಿದ ಸುಳ್ಳು, ಈಗ ದಾರಿಯುದ್ದಕ್ಕೂ ಬೆನ್ನು ಹತ್ತಿದ ದನಿ. ಅವಳ ಕೈ ನಿಲ್ಲಲಿಲ್ಲ. ಇನ್ನೆರಡು ಮೀನು ಸೀಳಿ, ಕೈ ತೊಳೆದು, ಸೆರಗಿಗೆ ಒರೆಸಿಕೊಂಡಳು.

"ಎಷ್ಟು ಸಲ ಕೂಗಿದ ಅಂದಿ?"

"ಒಂದೇ ಸಲ."

"ಮುಳುಗೋ ಮನಶ್ಯಾಗ ಎಷ್ಟು ಸಲ ಬಾಯಿ ನೀರಿನ ಮ್ಯಾಲ ಬರತೈತಿ ಅಂಜನಪ್ಪಾ?"

ಅಂಜನಕುಮಾರ ಅತ್ತ. ಬಜಾರಿನಲ್ಲಿ, ಹಾಡಹಗಲು, ಮೀನು ಕೊಳ್ಳುವವರ ಕಾಲ ಬುಡದಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತ. ಬುಚ್ಚಮ್ಮ ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. "ನನ್ನ ಮುಂದ ಅತ್ತರ ಏನು ಬಂತು? ಕೂಗಿದ್ದು ನಾನಲ್ಲ. ಅಂವ ಇನ್ನ ಕೂಗಾಕತ್ತಾನಂದ್ರ ನೀ ಓ ಅನ್ನೋದು ಕಾಯಾಕತ್ತಾನ. ನಾಳಿ ಅದೇ ನೀರಿಗಿ ಇಳಿ. ನಾ ದಂಡಿ ಮ್ಯಾಲ ಕೂತಿರ್ತೀನಿ," ಎಂದಳು.

ಓ ಅಂದರೆ ಹಿಂದೆ ಹೋಗಬೇಕು. ಅದನ್ನು ಅವನು ಮರೆತಿರಲಿಲ್ಲ. ಸಂಜೆ ಅಜ್ಜಿಗೆ ಹೇಳಿದ. ಕುರುಮಮ್ಮನ ಕೈಯ ಕದಿರು ತಿರುಗುವುದು ನಿಂತಿತು. "ನನ್ನ ಮಾತು ಕೇಳಿ ಸುಮ್ಕಿದ್ಯಾ?" ಎಂದು ಕೇಳಿದಳು. ಅವನು ಹೂಂ ಎಂದ. ಮುದುಕಿ ಹೋಗು ಎನ್ನಲಿಲ್ಲ, ಹೋಗಬೇಡ ಎನ್ನಲಿಲ್ಲ. ಕರಿ ಉಣ್ಣೆಯ ಎಳೆಯೊಂದನ್ನು ಹರಿದು ಅವನ ರಟ್ಟೆಗೆ ಕಟ್ಟಿದಳು, ಬೀರಪ್ಪನ ಭಂಡಾರ ಹಣೆಗೆ ಹಚ್ಚಿದಳು. ಆಮೇಲೆ ಅವಳು ಯಾವ ಮಗುವಿಗೂ ಆ ಮಾತು ಹೇಳಿಕೊಡಲಿಲ್ಲವೆಂದು ಮನೆಯವರು ಹೇಳುತ್ತಾರೆ.

ಮರುದಿನವೂ ಮಂಜಿತ್ತು. ಪಂಪುಗಳನ್ನು ಬಂದ್ ಮಾಡಿ ಬಂದಿದ್ದ. ದಂಡೆಯಲ್ಲಿ ಒಂದು ಹಕ್ಕಿಯ ಸದ್ದೂ ಇರಲಿಲ್ಲ. ಬುಚ್ಚಮ್ಮ ಖಾಲಿ ಬುಟ್ಟಿ ಮಗ್ಗುಲಿಗಿಟ್ಟುಕೊಂಡು ಬಂಡೆಯ ಮೇಲೆ ಕೂತಳು. ಅಂಜನಕುಮಾರ ಗಡಿಯಾರ ಬಿಚ್ಚಿ ಅವಳ ಕೈಗೆ ಕೊಟ್ಟು ನೀರಿಗಿಳಿದ. ಇನ್ನೂರು ಕೈ, ಮುನ್ನೂರು ಕೈ. ದಂಡೆ ಮಂಜಿನಲ್ಲಿ ಕರಗಿತು. ಹಿಂದೆ ಹುಟ್ಟಿನ ಸದ್ದು ಕೇಳತೊಡಗಿತು. ಆ ದಿನ ನೀರಿನಲ್ಲಿ ಯಾವ ಹರಗೋಲೂ ಇರಲಿಲ್ಲ. ನರಸಿಂಹುಲುವಿನ ಹರಗೋಲನ್ನು ದಂಡೆಯ ಮೇಲೆ ಬೋರಲು ಹಾಕಿದ್ದನ್ನು ಅವನೇ ದಾಟಿ ಬಂದಿದ್ದ. ಹುಟ್ಟಿನ ಸದ್ದು ನಿಂತಿತು. ಕಾಲ ಕೆಳಗಿನ ನೀರು ಒಂದು ಕಡೆ ಮಾತ್ರ ಬೆಚ್ಚಗಾಯಿತು.

"ಅಂಜನಾ."

ಹಟ್ಟಿ, ಅಜ್ಜಿ, ಮೌನಿಕಾ ಎಲ್ಲರೂ ಕಣ್ಣ ಮುಂದೆ ಬಂದರು. ಅವನು ಮೈ ಹೊರಳಿಸಿ, ಯಾರೂ ಕಾಣದ ಬಿಳಿ ಮಂಜಿಗೆ ಮುಖ ಕೊಟ್ಟು, ಎದೆ ಬಿರಿಯುವಂತೆ ಕೂಗಿದ: "ಓ!"

ಏನೂ ಆಗಲಿಲ್ಲ. ಆಮೇಲೆ, ಇಷ್ಟು ದಿನ ಬಾರದ ಎರಡನೆಯದು ಬಂತು. "ಅಂಜನಾ..." ಅದರಲ್ಲಿ ರಾಗವಿತ್ತು. "ಓ," ಎಂದ ಅವನು, ಅಳುತ್ತ. ಮೂರನೆಯದು ದೂರದಿಂದ, ಆಚೆ ದಡದ ಕಡೆಯಿಂದ ಬಂತು. "ಓ," ಎಂದ. ಮೂರು ಸಲ ಎಂದರೆ ತಿರುಗು ಎಂದು ಅರ್ಥ. ಅವನು ದಂಡೆಯ ಕಡೆ ತಿರುಗಿದ.

ದಂಡೆಗೆ ಬಂದು ಮಂಡಿಯೂರಿ ಕೂತ. "ನೀ ಕೂಗಿದ್ಯಾ ಬುಚ್ಚಮ್ಮಾ? ಎರಡನೇದು, ಮೂರನೇದು?"

"ನಾ ತುಟಿ ಬಿಚ್ಚಿಲ್ಲ. ನನಗೇನೂ ಕೇಳಸಲಿಲ್ಲ. ನಿನ್ನ ದನಿ ಅಷ್ಟ ಕೇಳಸಿತು."

ಅವಳು ಗಡಿಯಾರವನ್ನು ಅವನ ಕೈಗೆ ಹಾಕಿದಳು. ಮುಂದೆ ಅವನು ಸಮುದ್ರದ ಊರಿಗೆ ಹೋಗಿ, ಗಡುವಿಗೆ ಹನ್ನೊಂದು ನಿಮಿಷ ಇರುವಾಗ ರೇಸು ಮುಗಿಸಿದ. ಹಿಂದೆ ಯಾರೂ ಕೂಗದ್ದರಿಂದ ದಾರಿಯುದ್ದಕ್ಕೂ ನಿಧಾನವಾಗಿಯೇ ಇದ್ದ. ಪದಕ ಪಂಪ್‌ಹೌಸಿನ ಮೊಳೆಗೆ ತೂಗುತ್ತಿದೆ. ಅದನ್ನು ಅವನು ಯಾರಿಗೂ ತೋರಿಸುವುದಿಲ್ಲ. ನೆನಪಿನಲ್ಲಿ ಉಳಿದದ್ದು ಆ ಬೆಳಗು ಬುಚ್ಚಮ್ಮ ಬುಟ್ಟಿ ತಲೆಗೇರಿಸಿ, ನಾಲ್ಕು ಹೆಜ್ಜೆ ಹೋಗಿ, ನಿಂತು ಆಡಿದ ಮಾತು.

"ಮೂರು ಸಲ ಓ ಅಂದಿ. ದಂಡಿ ಮಟ ಕೇಳಸಿತು. ಅವತ್ತು ಒಂದ್ ಸಲ ಅಂದಿದ್ರ ಸಾಕಿತ್ತಲ್ಲೋ."