ಸತ್ತವನ ಕೈಯ ಎಳನೀರು

ಗಂಡ ಬದುಕಿರುವಾಗಲೇ ನಾನೊಮ್ಮೆ ವಿಧವೆಯಾದವಳು. ಕೇಳಿದವರು ನಗುತ್ತಾರೆ, ನಗಲಿ. ನಮ್ಮವರು ಜಗಲಿಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಾಗ ಅವರ ಅಣ್ಣ, ಅಂದರೆ ನನ್ನ ಭಾವ, ತಲೆ ಬೋಳಿಸಿಕೊಂಡು ಅವರ ಹೆಸರಿಗೆ ಎಳ್ಳುನೀರು ಬಿಟ್ಟರು. ನಮ್ಮವರು ಮಾಡಿದ್ದಿಷ್ಟೆ. ಕಡೂರಿನ ಸಂತೆಗೆ ಹೋಗಿ ಬರುತ್ತಾ ಪಾದ್ರಿಯೊಬ್ಬರ ಮಾತು ಕೇಳಿ, ಬಹಳ ಕಾಲ ಯೋಚನೆ ಮಾಡಿ, ಕ್ರೈಸ್ತರಾದರು. ಅವರ ಜೊತೆ ನಾನೂ ಆದೆ. ಭಾವನ ಪಾಲಿಗೆ ತಮ್ಮ ಅಂದೇ ಸತ್ತ. ಹನ್ನೊಂದನೆಯ ದಿನ ಊರಿಗೆಲ್ಲ ತಿಥಿ ಊಟವೂ ಆಯಿತು. ಉಂಡು ಕೈ ತೊಳೆದ ಹೆಂಗಸರಿಬ್ಬರು ನೇರವಾಗಿ ನನ್ನ ಬಳೆ ಒಡೆಯಲು ಬಂದರು. ನಾನು ಒನಕೆ ಎತ್ತಿಕೊಂಡು ಬಾಗಿಲಲ್ಲಿ ನಿಂತೆ. ಬಂದ ದಾರಿಗೆ ಸುಂಕವಿಲ್ಲವೆಂದು ಹೋದರು.

ಆಮೇಲೆ ತೆಂಗಿನ ತೋಟವೆಲ್ಲ ಭಾವನಿಗೆ ಸೇರಿತು. ನಮಗೆ ಸಿಕ್ಕಿದ್ದು ಊರಾಚೆ, ಅಜ್ಜಂಪುರದ ದಾರಿಯಲ್ಲಿದ್ದ ಕಲ್ಲು ಹೊಲ. ಸತ್ತವನಿಗೆ ಇಷ್ಟಾದರೂ ಕೊಟ್ಟನಲ್ಲ ಎಂದು ನಮ್ಮವರು ನಕ್ಕು ಅಲ್ಲೇ ಮನೆ ಕಟ್ಟಿದರು. ನನಗೆ ಮೈ ಉರಿಯುತ್ತಿತ್ತು. ಬೈದರೆ ತಿರುಗಿ ಬೈಯದ ಗಂಡಸನ್ನು ಕಟ್ಟಿಕೊಂಡು ಬಾಳುವುದು ಎಷ್ಟು ಕಷ್ಟವೆಂದು ಬಾಳಿದವರಿಗೇ ಗೊತ್ತು. ಅವರ ತಾಳ್ಮೆಯನ್ನು ನಾನು ಬಹಳ ದಿನ ಕೈಲಾಗದತನ ಎಂದೇ ತಿಳಿದಿದ್ದೆ. ಅದು ಹಾಗಲ್ಲವೆಂದು ಕಂಡದ್ದು ಪ್ಲೇಗು ಬಂದ ವರ್ಷ.

ಮನೆಯೊಳಗೆ ಇಲಿ ಸತ್ತು ಬಿದ್ದರೆ ಊರು ಬಿಡುವುದು ಆಗಿನ ಪದ್ಧತಿ. ಆ ವರ್ಷ ಇಲಿ ಬಿತ್ತು. ಜನ ಮನೆಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಹೆಂಡತಿಯನ್ನು ಮೊದಲೇ ಕಳೆದುಕೊಂಡಿದ್ದ ಭಾವ ಮಕ್ಕಳು ಸೊಸೆಯರೊಂದಿಗೆ ತೆಂಗಿನ ತೋಟದ ಅಂಚಿಗೆ ಬಂದರು. ವಾರ ಕಳೆಯುವುದರೊಳಗೆ ಭಾವನಿಗೆ ಜ್ವರ ಬಂದು ಕಂಕುಳಲ್ಲಿ ಗಡ್ಡೆ ಎದ್ದಿತು. ಮಕ್ಕಳು ತಲೆದೆಸೆಯಲ್ಲಿ ಒಂದು ಕೊಡ ನೀರಿಟ್ಟು, ಹೆಂಡತಿಯರನ್ನು ಕರೆದುಕೊಂಡು, ದನಕರುಗಳನ್ನು ಹೊಡೆದುಕೊಂಡು ಹಿರೇನಲ್ಲೂರಿನ ಕಡೆ ನೆಂಟರ ಮನೆ ಸೇರಿದರು. ಅವರನ್ನು ದೂರಿ ಫಲವಿಲ್ಲ, ಆ ರೋಗದ ಭಯವೇ ಅಂಥದ್ದು. ಊರಿನಲ್ಲಿ ಯಾರೂ ಆ ತೋಟದ ಬೇಲಿಯ ಹತ್ತಿರ ಸುಳಿಯಲಿಲ್ಲ.

ಸುದ್ದಿ ತಿಳಿದದ್ದೇ ನಮ್ಮವರು ಚಾಪೆ ಸುತ್ತಿ, ಮಚ್ಚು ತೆಗೆದುಕೊಂಡು ಹೊರಟು ನಿಂತರು. ನಾನು ಅಡ್ಡ ನಿಂತೆ. ನಮಗೆ ಆಗಿನ್ನೂ ಮಕ್ಕಳಿರಲಿಲ್ಲ. ತವರು ನನ್ನನ್ನು ಬಿಟ್ಟಿತ್ತು. ನನಗೆಂದು ಇದ್ದದ್ದು ಇವರೊಬ್ಬರೇ. ಮಾಡಿದ್ದುಣ್ಣೋ ಮಹಾರಾಯ ಅನ್ನೋ ಗಾದೆ ಸುಮ್ಮನೆ ಹುಟ್ಟಿತೇ ಎಂದು ಕೂಗಾಡಿದೆ. ಅವರು ಸಿಟ್ಟಾಗಲಿಲ್ಲ.

"ಮಾಡಿದ್ದನ್ನೇ ಉಣ್ಬೇಕು ಅಂದಿದ್ರೆ ನಮ್ಮಿಬ್ರ ತಟ್ಟೇಲಿ ಏನಿರೋದು ಕಣೇ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ನಡೆದುಬಿಟ್ಟರು.

ಮುಂದಿನದು ಅವರೇ ನನಗೆ ಹೇಳಿದ್ದು. ಗುಡಿಸಲಿನೊಳಗೆ ಬಗ್ಗಿ ನೋಡಿದಾಗ ಭಾವನಿಗೆ ಎಚ್ಚರವಿತ್ತು, ನಾಲಿಗೆ ಒಣಗಿತ್ತು, ಕೊಡ ಬರಿದಾಗಿತ್ತು. ಆದರೂ ಕೈ ಎತ್ತಿ ಹೊರಗೆ ಹೋಗೆಂದು ತೋರಿಸಿದರಂತೆ. ನಿನ್ನ ತಿಥಿ ಮಾಡಿದೋನು ನಾನು, ನೀನ್ಯಾಕೆ ಬಂದೆ ಎಂದರಂತೆ.

"ಅದಕ್ಕೇ ಬಂದೆ ಕಣಣ್ಣ," ಎಂದರು ಇವರು. "ಸತ್ತೋನಿಗೆ ಪ್ಲೇಗು ಅಂಟಲ್ಲ."

ಭಾವನಿಗೆ ಆ ಸ್ಥಿತಿಯಲ್ಲೂ ನಗು ಬಂತಂತೆ. ಆದರೆ ಇವರು ಮುಟ್ಟಿದ ನೀರು ಕುಡಿಯಲು ಒಪ್ಪಲಿಲ್ಲ. ಆಗ ನಮ್ಮವರು ಅದೇ ತೋಟದ ಮರ ಹತ್ತಿದರು. ಎಳನೀರಿಗೆ ನಮ್ಮ ಕಡೆ ಮೈಲಿಗೆಯಿಲ್ಲ. ಯಾರು ಕಿತ್ತರೂ ಯಾರು ಕೆತ್ತಿದರೂ ಒಳಗಿನ ನೀರು ಶುದ್ಧವೇ. ಮಚ್ಚಿನಿಂದ ಕೆತ್ತಿ ಬಾಯಿಗೆ ಹಿಡಿದು, ತೋಟ ನಿನ್ನದು, ಮರ ನಿನ್ನದು, ಹತ್ತಿದ್ದಷ್ಟೇ ನಾನು ಎಂದು ಸಮಾಧಾನ ಹೇಳಿದರಂತೆ. ಭಾವ ಕಣ್ಣು ಮುಚ್ಚಿಕೊಂಡು ಕುಡಿದರು. ತಾನು ಕಾಲಿಡಬಾರದೆಂದು ಅಣ್ಣ ಹೇಳಿದ್ದ ತೋಟದಲ್ಲಿ, ಅಣ್ಣನ ಜಾತಿಗೂ ಕುಂದು ಬರದಂತೆ ಅಣ್ಣನನ್ನು ಉಳಿಸುವ ದಾರಿ ಹುಡುಕಿದ ಮನುಷ್ಯನನ್ನು ನಾನು ಕೈಲಾಗದವನೆಂದು ತಿಳಿದಿದ್ದೆನಲ್ಲ. ಅಂಥ ಧೈರ್ಯ ನಾನು ಬೇರೆ ಯಾವ ಗಂಡಸಿನಲ್ಲೂ ಕಂಡಿಲ್ಲ.

ಗಡ್ಡೆ ಒಡೆಯಿತು, ಜ್ವರ ಇಳಿಯಿತು. ಆಮೇಲೆ ಶುರುವಾಯಿತು ನಿಜವಾದ ಕಷ್ಟ. ಎಳನೀರು ಕುಡಿದುಕೊಂಡು ಎಷ್ಟು ದಿನ ಜೀವ ನಿಂತೀತು? ದೇಹ ಕಡ್ಡಿಯಾಗಿತ್ತು, ಹೊಟ್ಟೆಗೆ ಗಂಜಿ ಬೀಳಲೇಬೇಕಿತ್ತು. ಗಂಜಿ ಕಾಸುವವಳು ನಾನು, ಕುದಿಯುವುದು ನಮ್ಮ ಮಡಕೆಯಲ್ಲಿ. ಭಾವ ಬಾಯಿ ಬಿಗಿ ಹಿಡಿದರು. ಇವರು ಬಲವಂತ ಮಾಡಲಿಲ್ಲ. ನನಗೆ ಮಾತ್ರ ದಿನಾ ಗಂಜಿ ತರಲು ಹೇಳಿದರು. ನಾನು ರಾಗಿ ಗಂಜಿ ಕಾಸಿ, ಬದುವಿನ ಮೇಲಿಟ್ಟು ದೂರ ನಿಲ್ಲುತ್ತಿದ್ದೆ. ಇವರು ಒಳಗೆ ಒಯ್ದು, ಅಣ್ಣನ ಎದುರು ಹಿಡಿದು, ಅವರು ಮುಖ ತಿರುಗಿಸಿದ ಮೇಲೆ ತಂದು ನಾಯಿಗೆ ಸುರಿಯುತ್ತಿದ್ದರು. ಮಾರನೆಯ ದಿನ ಮತ್ತೆ ಅದೇ. ಬೇಡವೆನ್ನುವವರಿಗೆ ಒಲೆ ಹೊತ್ತಿಸುವುದು ಎಂಥ ಹಿಂಸೆ! ಜಾತಿ ಇಟ್ಟುಕೊಂಡೇ ಸಾಯಲಿ ಬಿಡಿ ಎಂದು ಒಂದು ದಿನ ಮಡಕೆ ಕುಕ್ಕಿದೆ.

"ನಾನು ಬಾಯಿ ಮುಚ್ಕೊಂಡಿದ್ದಾಗ ನನ್ನ ದೇವರು ಬಟ್ಟಲು ಹಿಡ್ಕೊಂಡು ಎಷ್ಟು ದಿನ ನಿಂತಿದ್ನೋ, ನಿಂಗೊತ್ತಾ?" ಎಂದರು.

ಪಾದ್ರಿಗಳ ಬಾಯಲ್ಲಿ ಎಷ್ಟೋ ಪ್ರಸಂಗ ಕೇಳಿದ್ದೇನೆ. ಕೃಪೆ ಎಂಬ ಮಾತು ನನಗೆ ಅರ್ಥವಾದದ್ದು ಆ ಬದುವಿನ ಮೇಲೆ, ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದ ಆ ಮುಖ ನೋಡುತ್ತಾ.

ಮಾರನೆಯ ಬೆಳಿಗ್ಗೆ ಗಂಜಿ ತಂದಾಗ ಇವರು ಬದುವಿನ ಹತ್ತಿರ ಕಾಣಲಿಲ್ಲ. ತೋಟದ ಆ ತುದಿಯಲ್ಲಿ ಮರ ಹತ್ತಿದ್ದರು. ಗುಡಿಸಲಿನೊಳಗಿಂದ ನರಳಿದ ಸದ್ದು ಬಂತು. ಭಾವನೆದುರು ಸೆರಗು ಹೊದ್ದು ಮರೆಯಾಗುವುದೇ ಹೊರತು ಮುಖ ಕೊಟ್ಟು ಮಾತನಾಡುವುದು ನಮ್ಮಲ್ಲಿ ಇರಲಿಲ್ಲ. ಆದರೂ ಒಳಗೆ ಹೋದೆ. ಭಾವ ಏಳಲು ಹೋಗಿ ಕೈಲಾಗದೆ ಗೋಡೆಯ ತಡಿಕೆಗೆ ಒರಗಿದ್ದರು. ಊರನ್ನೇ ನಡುಗಿಸುತ್ತಿದ್ದ ಆಳು ಇಷ್ಟೇ ಇಷ್ಟಾಗಿ ಕೂತಿದ್ದನ್ನು ನೋಡಿ ನನ್ನ ಹೊಟ್ಟೆಯಲ್ಲಿದ್ದ ಉರಿಗೆ ಏನಾಯಿತೋ ಕಾಣೆ. ನನ್ನ ಕೈಯಲ್ಲಿದ್ದ ಮಡಕೆಯನ್ನು ಅವರು ಬಹಳ ಹೊತ್ತು ನೋಡಿದರು. ಆಮೇಲೆ ಎರಡೂ ಕೈ ಚಾಚಿದರು. ಗಂಜಿಯನ್ನು ಬಟ್ಟಲಿಗೆ ಬಗ್ಗಿಸಿ ನಾನೇ ಬಾಯಿಗೆ ಹಿಡಿದೆ. ಒಂದು ಗುಟುಕು ಇಳಿಯಿತು. ಕಣ್ಣಿನ ನೀರು ಗಡ್ಡಕ್ಕೆ ಇಳಿಯಿತು.

"ನಾನು ಮಾಡಿದ್ದಕ್ಕೆ ನೀವು ಇದ್ನೆಲ್ಲ ಮಾಡ್ಬೇಕಾಗಿರ್ಲಿಲ್ಲ ಕಣವ್ವ," ಎಂದರು.

"ಮಾಡ್ಬೇಕಾಗಿರ್ಲಿಲ್ಲ ಭಾವ," ಎಂದೆ. "ಕುಡೀರಿ, ತಣ್ಣಗಾಯ್ತದೆ."