ಇಡೀ ಹೊಲಕ್ಕೆ ಚರಗ ಚೆಲ್ಲಲು ಹೋದ ಕಾಶಣ್ಣ

ಇಲ್ಲ... ಇದು ಸುಳ್ಳು.
ಯಾರಾದರೂ ಸುಳ್ಳು ಅಂತ ಹೇಳಿ...

ಮಧ್ಯಾಹ್ನ ನಾರಾಯಣಖೇಡ್ ಬಸ್ ಸ್ಟ್ಯಾಂಡಿನಲ್ಲಿ ಟಿಕೆಟ್ ಮಷೀನ್ ಹಿಡಿದು ನಿಂತಿದ್ದೆ.
ಫೋನ್ ಬಂತು.
ಕಾಶಣ್ಣ ಹೋದರು.
ಹೋದರು ಅಲ್ಲ... ಹೊಡೆದು ಕೊಂದರು.
ಎಳ್ಳಮಾವಾಸ್ಯೆಯ ದಿನ, ಹಾಡಹಗಲು, ಸ್ವಂತ ದೊಡ್ಡಪ್ಪನ ಮಗ.

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಕಾಶಣ್ಣ ನಮ್ಮ ಜಹೀರಾಬಾದ್–ನಾರಾಯಣಖೇಡ್ ಬಸ್ಸಿನ ಡ್ರೈವರ್. ನಾನು ಆರು ವರ್ಷದಿಂದ ಅದೇ ಬಸ್ಸಿನ ಕಂಡಕ್ಟರ್.
ಬಾಯಿ ಜೋರು. ಫುಟ್‌ಬೋರ್ಡ್ ಮೇಲೆ ನಿಂತವರಿಗೆ "ಒಳಗ ಬರ್ರಿ, ಇಲ್ಲಾಂದ್ರ ನಿಮ್ಮ ಮಾವನ ಮನಿಗಿ ನಡಕೋತ ಹೋಗ್ರಿ" ಅಂತ ಕೂಗುತ್ತಿದ್ದರು.
ಆ ಬಾಯಿಯಲ್ಲಿ ವಿಷ ಇರಲಿಲ್ಲ.

ನಮಗೆ ಹೊಲ ಇಲ್ಲ. ಪ್ರತಿ ವರ್ಷ ಈ ಹಬ್ಬಕ್ಕೆ ರಾಯಿಕೋಡ್ ಹತ್ತಿರದ ಅವರ ಹೊಲಕ್ಕೇ ಊಟಕ್ಕೆ ಹೋಗುತ್ತಿದ್ದೆವು.
ಮೊದಲ ವರ್ಷ ನಾನು, ನನ್ನ ಗಂಡ ದೂರ ಬದುವಿನ ಮೇಲೆ ಕೂತಿದ್ದೆವು. ನಮ್ಮ ಜನ ಎಲ್ಲಿ ಕೂರಬೇಕು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.
ಕಾಶಣ್ಣ ಬಂದು ರಟ್ಟೆ ಹಿಡಿದು ಎಬ್ಬಿಸಿದರು. ತಮ್ಮ ಹೆಂಡತಿ ಶಾಂತಕ್ಕನ ಪಕ್ಕದಲ್ಲೇ ಕೂರಿಸಿದರು.
ಈ ವರ್ಷ ನನಗೆ ರಜೆ ಸಿಗಲಿಲ್ಲ...

ಮಧ್ಯಾಹ್ನದಿಂದ ಗ್ರೂಪುಗಳಲ್ಲಿ ಓದುತ್ತಿದ್ದೇನೆ.
"ಹೊಲದ ಜಗಳ."
"ಇಬ್ಬರೂ ಹೊಡೆದಾಡಿಕೊಂಡರು."
"ಎರಡೂ ಕೈ ಸೇರಿದರೇ ಚಪ್ಪಾಳೆ."
ಬಾಯಿ ಮುಚ್ಚಿ!
ಕಾಶಣ್ಣನ ಒಂದು ಕೈಯಲ್ಲಿ ಕಾಳು-ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ, ಕಡುಬು, ಸಜ್ಜೆ ರೊಟ್ಟಿಯ ಬುಟ್ಟಿ ಇತ್ತು. ಇನ್ನೊಂದರಲ್ಲಿ ಅಂಬಲಿಯ ತಂಬಿಗೆ.
ಚಪ್ಪಾಳೆ ತಟ್ಟಲು ಅವರ ಕೈ ಖಾಲಿ ಎಲ್ಲಿತ್ತು?

ನಮ್ಮ ಕಡೆ ಈ ಹಬ್ಬಕ್ಕೆ ಭೂಮಿ ಬಸುರಿ. ಜೋಳ ತೆನೆ ಕಟ್ಟುವ ಹೊತ್ತು. ಅವಳ ಬಯಕೆ ತೀರಿಸಲು ಅಡುಗೆ ಹೊಲಕ್ಕೆ ಹೋಗುತ್ತದೆ. ಪೂಜೆ ಆದ ಮೇಲೆ ಮನೆಯ ಗಂಡಸು ಹೊಲದ ಸುತ್ತ ಅನ್ನ ಎರಚುತ್ತಾ ನಡೆಯುತ್ತಾನೆ. ಅದೇ ಚರಗ.
ಕಾಶಣ್ಣನ ಅಜ್ಜನ ಹೊಲ ಎರಡು ಪಾಲಾಗಿ ಎಷ್ಟೋ ವರ್ಷ ಆಗಿದೆ. ನಡುವೆ ಬದು ಇದೆ. ಆದರೂ ಚರಗ ಮಾತ್ರ ಇಡೀ ಹೊಲಕ್ಕೆ ಒಂದೇ... ಒಂದು ವರ್ಷ ಇವರು, ಮರು ವರ್ಷ ದೊಡ್ಡಪ್ಪನ ಮಗ ಸಿದ್ದು. ಪಾಲು ಕಾಗದಕ್ಕೆ, ತಾಯಿಗಲ್ಲ ಅಂತ ಅಜ್ಜಿ ಹಾಕಿಕೊಟ್ಟ ಕಟ್ಟು.
ಈ ವರ್ಷದ ಸರದಿ ಕಾಶಣ್ಣನದು.
ಬದುವಿನ ಮೇಲಿನ ಬೇವಿನ ಮರವನ್ನು ಕಾಶಣ್ಣ ಕಡಿದ ವಿಷಯಕ್ಕೆ ಸಿದ್ದು ಮಾತು ಬಿಟ್ಟಿದ್ದ. "ಈ ಸಲ ನನ್ನ ಹೊಲದಾಗ ಕಾಲಿಟ್ರ ಕಡದು ಹಾಕ್ತೀನಿ" ಅಂದಿದ್ದ.

ಅಣ್ಣಾ...
ಮೊನ್ನೆ ರಾಯಿಕೋಡಿನಲ್ಲಿ ಚಹಾ ಕುಡಿಯುವಾಗ ನೀವು ನನ್ನನ್ನು ಕೇಳಿದಿರಿ.
"ಏನ್ ಮಾಡ್ಲಿ ತಂಗಿ? ನನ್ನ ಪಾಲಿನಾಗ ಅಷ್ಟೇ ಚೆಲ್ಲಿ ಬಂದ್ಬಿಡ್ಲಾ?"
ನಾನು ನಕ್ಕೆ. ದೊಡ್ಡ ಶಾಣ್ಯಾಳ ಹಾಗೆ ಹೇಳಿದೆ...
"ಬಸುರಿಗಿ ಅರ್ಧ ಹೊಟ್ಟಿ ಉಣಸ್ತಾರೇನ್ರೀ ಅಣ್ಣಾ? ಹಬ್ಬದ ದಿನ ಅನ್ನದ ಬುಟ್ಟಿ ಹಿಡದವರ ಮ್ಯಾಲ ಯಾರರೆ ಕೈ ಎತ್ತತಾರೇನು?"
ನಿಮಗೂ ಅದೇ ಮಾತು ಬೇಕಾಗಿತ್ತೇನೋ. "ಖರೇ ಅದ" ಅಂದು ಬಸ್ ಸ್ಟಾರ್ಟ್ ಮಾಡಿದಿರಿ.

ಎತ್ತಿದ ಅಣ್ಣಾ. ಕೈ ಎತ್ತಿದ.
ತೊಗರಿ ಸಾಲಿನ ಹಿಂದೆ ಕಬ್ಬಿಣದ ಹಾರೆ ಹಿಡಿದು ಕಾದಿದ್ದ.
ಮೊದಲ ಏಟು ಹಿಂದಿನಿಂದ, ತಲೆಗೆ. ನೀವು ಬಿದ್ದ ಮೇಲೆ ಇನ್ನೆರಡು. ಅಡ್ಡ ಬಂದ ಶಾಂತಕ್ಕನ ಭುಜಕ್ಕೂ ಒಂದು.
ಭಜ್ಜಿ, ರಕ್ತ, ಮಣ್ಣು... ಎಲ್ಲಾ ಕಲಸಿ ಹೋಯಿತಂತೆ.
ಅವನು ಮೇಲೆ ನಿಂತು ಅಂದನಂತೆ... "ಈಗ ಉಣಸು ನಿನ್ನ ತಾಯಿಗಿ."
ಜಹೀರಾಬಾದಿನ ದವಾಖಾನೆ ಮುಟ್ಟುವ ಮೊದಲೇ ಆಟೋದಲ್ಲಿ ನಿಮ್ಮ ಉಸಿರು ನಿಂತಿತು.

ನಾನು ಬುದ್ಧನ ಮುಂದೆ ದೀಪ ಹಚ್ಚುವವಳು. ದ್ವೇಷ ಬೇಡ ಅಂತ ಮಕ್ಕಳಿಗೆ ಹೇಳುವವಳು.
ಇವತ್ತು ಆ ಹಾರೆ ಕಸಿದು ಅವನ ಎರಡೂ ಕೈ ಮುರಿಯಬೇಕು ಅನಿಸುತ್ತಿದೆ. ಅನಿಸುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಬೇಕಾದವರು ಅನ್‌ಫ್ರೆಂಡ್ ಮಾಡಿ.
ಅದಕ್ಕಿಂತ ಹೆಚ್ಚಿನ ಸಿಟ್ಟು ನನ್ನ ನಾಲಿಗೆಯ ಮೇಲಿದೆ.

ಸಂಜೆ ಡಿಪೋಕ್ಕೆ ಬಸ್ ಬಿಟ್ಟು ಶಾಂತಕ್ಕನಿಗೆ ಫೋನ್ ಮಾಡಿದೆ. ಹೋಗಿ ಅಂತ ಹೇಳಿದ್ದು ನಾನೇ ಅಕ್ಕಾ ಅಂದೆ.
ಆಕೆ ಅಳಲಿಲ್ಲ.
"ಗೊತ್ತದ. ಮುಂಜಾನಿ ನಾ ಬ್ಯಾಡಂತ ಬಾಗಲಿಗಿ ಅಡ್ಡ ನಿಂತಿದ್ದೆ. ತಂಗಿ ಹೇಳ್ಯಾಳ, ಆಕಿ ಮಾತು ಖರೇ ಅದ ಅಂತ ನನ್ನ ಸರಿಸಿ ಹೋದ್ರು."
ತಪ್ಪಾಯ್ತು ಅಕ್ಕಾ ಅಂದೆ.
"ನಾಳಿ ಮಣ್ಣಿಗಿ ಬಾ" ಅಂದರು. "ಅವರು ಜಗಳಾ ಮಾಡಾಕ ಹೋಗಿಲ್ಲ, ಚರಗಾ ಚೆಲ್ಲಾಕ ಹೋಗ್ಯಾರ ಅಂತ ಪೊಲೀಸರ ಮುಂದ ಹೇಳು. ನಿನಗ ಹೇಳಿ ಹೋಗ್ಯಾರಂತ ಬರಸು. ಅಷ್ಟು ಮಾಡು... ಆಮ್ಯಾಲ ಎಂದೂ ನನ್ನ ಹೊಸ್ತಿಲ ತುಳಿಬ್ಯಾಡ."

ಬರುತ್ತೇನೆ ಅಕ್ಕಾ. ಬರೆಸುತ್ತೇನೆ.
ಹೊಸ್ತಿಲು ತುಳಿಯುವುದಿಲ್ಲ.

ಕಾಶಣ್ಣಾ...
ಇನ್ನು ಯಾರ ಏಟೂ ನಿಮ್ಮನ್ನು ಮುಟ್ಟದಿರಲಿ. ಶಿವನ ನೆರಳಲ್ಲಿ ನಿಮ್ಮ ಜೀವ ತಣ್ಣಗಿರಲಿ.
🙏