ಅಮ್ಮನ ಮೂಗಿಗೊಂದು ಹಣ್ಣಿನ ಚಾ

ಚಾ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಮರುಳು. ಬೆಳಿಗ್ಗೆ ಮನೆಯಲ್ಲಿ ಒಂದು ಕುಡಿದು, ನಾವುಂದದಲ್ಲಿ ಬಸ್ಸಿಗೆ ಕಾಯುವಾಗ ಇನ್ನೊಂದು ಕುಡಿದು, ಕುಂದಾಪುರದಲ್ಲಿ ನಾನು ಕೆಲಸ ಮಾಡುವ ಬಟ್ಟೆ ಅಂಗಡಿಯ ಬಾಗಿಲು ತೆಗೆಯುವ ಮೊದಲು ಮತ್ತೊಂದು ಆಗಲೇಬೇಕು. ಹಾಲು ಹಾಕಿ, ಕೈತುಂಬ ಸಕ್ಕರೆ ಸುರಿದು, ಪಾತ್ರೆಯ ಅಂಚಿನವರೆಗೆ ಉಕ್ಕಿಸಿದ್ದು ಮಾತ್ರ ಚಾ ಅಂತ ಇಷ್ಟು ವರ್ಷ ನಂಬಿಕೊಂಡಿದ್ದವಳು ನಾನು. ಹಾಗಾಗಿ ನಮ್ಮ ಅಂಗಡಿಯ ಸಾಲಿನಲ್ಲೇ ಒಬ್ಬರು ಬರೀ ಚಾ ಎಲೆಯ ಅಂಗಡಿ ಇಟ್ಟು, ಗಾಜಿನ ಭರಣಿಗಳ ಮೇಲೆ ಮಾವು, ಪೀಚ್, ಲಿಚಿ, ಸ್ಟ್ರಾಬೆರಿ ಅಂತೆಲ್ಲ ಚೀಟಿ ಅಂಟಿಸಿದಾಗ ಮೊದಲು ನಕ್ಕವಳು ನಾನೇ. ಮೊದಲು ಒಳಗೆ ಹೋದವಳೂ ನಾನೇ.

ಅಂಗಡಿಯವರು ಬ್ರಹ್ಮಾವರ ಕಡೆಯವರು. ಮುಂಬೈಯಲ್ಲಿ ಬಹಳ ಕಾಲ ಹೋಟೆಲಿನಲ್ಲಿದ್ದು ಬಂದವರು. ನಾನು ಬಾಗಿಲಲ್ಲಿ ಇಣುಕುವುದು ಕಂಡು ಕರೆದರು. "ಹ್ವಾಯ್, ಒಳ್ಗ್ ಬನ್ನಿ. ಕುಡ್ದ್ ಕಾಣಿ. ತಕಣ್ಲೇಬೇಕ್ ಅಂದೇನಿಲ್ಲ."

ಅವರು ಒಂದು ಭರಣಿಯ ಮುಚ್ಚಳ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದರು. ಅಯ್ಯೋ ದೇವರೇ! ಒಣಗಿದ ಕಪ್ಪು ಎಲೆ, ನಡುನಡುವೆ ಹಳದಿ ಮಾವಿನ ಚೂರು, ಆದರೆ ಪರಿಮಳ ಮಾತ್ರ ಮೇ ತಿಂಗಳಲ್ಲಿ ಹಣ್ಣು ಹರವಿಟ್ಟ ಕೋಣೆಯದ್ದು. ಬಿಸಿನೀರು ಹೊಯ್ದರು, ಮುಚ್ಚಿಟ್ಟರು, ಸೋಸಿ ಕೊಟ್ಟರು. ಕುದಿಸಲಿಲ್ಲ, ಹಾಲಿಲ್ಲ, ಸಕ್ಕರೆಯೂ ಇಲ್ಲ. ಮೊದಲ ಗುಟುಕಿಗೆ ನಾಲಗೆಗೆ ಸಿಕ್ಕಿದ್ದು ಬರೀ ಚಾದ ಒಗರು. ನುಂಗಿದ ಮೇಲೆ ಗಂಟಲಿನ ಹಿಂದಿನಿಂದ ಮಾವು ಎದ್ದು ಮೂಗಿಗೆ ಬಂತು. ನಾನು ಅಂಗಡಿಯಲ್ಲೇ ದೊಡ್ಡದಾಗಿ ನಕ್ಕುಬಿಟ್ಟೆ. "ನಾಲಗ್ಯಗೆ ಏನಿಲ್ಲ, ಎಲ್ಲ ಮೂಗಿನದ್ದೇ ಆಟ" ಅಂದರು ಅವರು.

ಆ ಮಾತು ಕೇಳಿದ್ದೇ ತಡ, ನನಗೆ ಅಮ್ಮನ ನೆನಪಾಯಿತು.

ಅಮ್ಮ ಮೀನು ಮಾರುವವಳು. ನಾವುಂದದ ಸುತ್ತ ಬುಟ್ಟಿ ಹೊತ್ತು ಮಾರಿ, ಮೊಣಕಾಲು ಸೋತ ಮೇಲೆ ಮಾರ್ಕೆಟ್ಟಿನಲ್ಲಿ ಕೂತವಳು. ಬುಟ್ಟಿಯ ಮುಚ್ಚಳ ತೆಗೆಯುವ ಮೊದಲೇ ಅದರೊಳಗಿನ ಬಂಗಡೆ ಇವತ್ತಿನದ್ದೋ ನಿನ್ನೆಯದ್ದೋ ಅಂತ ಹೇಳುತ್ತಿದ್ದಳು. ಬೇರೆಯವರು ಕಿವಿರು ಎತ್ತಿ, ಕಣ್ಣು ನೋಡಿ, ಹೊಟ್ಟೆ ಒತ್ತಿ ತಿಳಿಯುವುದನ್ನು ಇವಳು ದೂರದಿಂದಲೇ ಮೂಗೇರಿಸಿ ಹೇಳಿ ಮುಗಿಸುವಳು. ಅದರ ಜಂಬವೂ ಇತ್ತು. ಹೋದ ಚಳಿಯಲ್ಲಿ ಒಂದು ಜ್ವರ ಬಂದು, ಹೋಗುವಾಗ ಆ ಮೂಗನ್ನೂ ಹೊತ್ತುಕೊಂಡು ಹೋಯಿತು. ಅಮ್ಮ ಯಾರಿಗೂ ಹೇಳಲಿಲ್ಲ. ಒಂದು ದಿನ ಯಾವಾಗಲೂ ಅವಳಲ್ಲೇ ಕೊಳ್ಳುವ ಹೆಂಗಸೊಬ್ಬರು ಹಾಳಾಗಿದೆ ಅಂತ ಮೀನು ವಾಪಸ್ಸು ತಂದು ಅವಳ ಮುಂದಿಟ್ಟರು. ಬೇರೆ ದಿನವಾದರೆ ಮಾರ್ಕೆಟ್ಟು ನಡುಗುವ ಹಾಗೆ ಜಗಳಾಡುವವಳು, ಆ ದಿನ ದುಡ್ಡು ಎಣಿಸಿ ವಾಪಸ್ಸು ಕೊಟ್ಟಳು. ಮನೆಗೆ ಬಂದು ಬುಟ್ಟಿಯನ್ನು ಹಿಂದಿನ ಚಾವಡಿಯಲ್ಲಿ ಕವುಚಿ ಹಾಕಿದಳು. ಮೂಗು ಬರದೆ ಮಾರ್ಕೆಟ್ಟಿಗೆ ಹೋಗುವುದಿಲ್ಲ ಅಂದಳು.

ಮೂಗು ಬರಬಹುದು, ಬಾರದೆಯೂ ಇರಬಹುದು ಅಂತ ಡಾಕ್ಟರು ಅಂದಿದ್ದರು. ದಿನಾ ಬೆಳಿಗ್ಗೆ ಸಂಜೆ ಬೇರೆ ಬೇರೆ ಪರಿಮಳ ಮೂಸಿ ಮೂಗಿಗೆ ಅಭ್ಯಾಸ ಮಾಡಿಸಿ ಅಂತಲೂ ಹೇಳಿದ್ದರು. ಲವಂಗ, ನಿಂಬೆ, ಕಾಫಿಪುಡಿ, ಗಂಧದ ಸೋಪು ಎಲ್ಲ ಆಯಿತು. "ಬೆಳ್ಗಾತ್ ಎದ್ದ್ ಸೋಪ್ ಮೂಸುದ್ ಎಂತ ಮರ್ಲನೇ?" ಅಂತ ಅಮ್ಮ ಬೈಯತೊಡಗಿದ್ದಳು. ಇನ್ನೇನು ಬಿಟ್ಟೇಬಿಡುತ್ತಾಳೆ ಅನ್ನುವ ಹೆದರಿಕೆ ನನಗೆ.

ಹಾಗಿರುವಾಗ ಈ ಅಂಗಡಿ! ಒಂದೊಂದು ಭರಣಿಗೆ ಒಂದೊಂದು ಪರಿಮಳ. ಮೂಸಿದ ಹಾಗೂ ಆಯಿತು, ಕುಡಿದ ಹಾಗೂ ಆಯಿತು. ಮಾವು, ಕಿತ್ತಳೆ, ಸ್ಟ್ರಾಬೆರಿ, ಲಿಚಿ ನಾಲ್ಕನ್ನೂ ಸಣ್ಣ ಸಣ್ಣ ಕಾಗದದ ಪೊಟ್ಟಣದಲ್ಲಿ ಕಟ್ಟಿಸಿಕೊಂಡೆ. ಬಸ್ಸಿನಲ್ಲಿ ಚೀಲ ಮಡಿಲಲ್ಲಿಟ್ಟು ಕೂತರೆ ಪಕ್ಕದವರೆಲ್ಲ ತಿರುಗಿ ತಿರುಗಿ ನೋಡುತ್ತಿದ್ದರು. ನನಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಆ ದಿನ ಬಸ್ಸು ನಿಲ್ಲಿಸಿದ ಪ್ರತಿ ಸ್ಟಾಪಿನ ಮೇಲೂ ನನಗೆ ಸಿಟ್ಟು.

ಮಳೆಗಾಲ ಹಿಡಿದು ಬೋಟುಗಳು ದಡಕ್ಕೆ ಬಂದಿದ್ದವು. ಬೋಟಿಗೆ ಹೋಗುವ ನನ್ನ ತಮ್ಮ ಮನೆಯಲ್ಲೇ ಇದ್ದ. ಭಾನುವಾರ ಮೂರೂ ಜನ ಅಡುಗೆಮನೆಯಲ್ಲಿ ಕೂತೆವು. ನಾನು ಅಂಗಡಿಯವರ ಹಾಗೆಯೇ ಗತ್ತಿನಲ್ಲಿ ಬಿಸಿನೀರು ಹೊಯ್ದು ಮುಚ್ಚಿ, ಲೋಟಕ್ಕೆ ಸೋಸಿ ಕೊಟ್ಟೆ. ಅಮ್ಮ ಲೋಟದೊಳಗೆ ನೋಡಿ ಹುಬ್ಬೇರಿಸಿದಳು. "ಇದೆಂತ, ಕಣ್ ಚಾವಾ? ನಂಗೆಂತ ಹೊಟ್ಟಿ ಹಾಳಾಯಿತ್ತಾ?" ನಮ್ಮಲ್ಲಿ ಹಾಲಿಲ್ಲದ ಕಣ್ಣಚಾ ಕೊಡುವುದು ಹೊಟ್ಟೆ ಕೆಟ್ಟವರಿಗೆ. ನೆಟ್ಟಗಿದ್ದವರಿಗೆ ಕೊಟ್ಟರೆ ಮರ್ಯಾದೆ ಕಡಿಮೆ ಮಾಡಿದ ಹಾಗೆ. ನಾನು ವಿವರಿಸುತ್ತಿರುವಾಗಲೇ ತಮ್ಮ ತನ್ನ ಪಾಲಿನ ಸ್ಟ್ರಾಬೆರಿ ಚಾಕ್ಕೆ ಧಾರಾಳವಾಗಿ ಹಾಲು ಸುರಿದ. ಅದರಲ್ಲಿ ಒಣಗಿದ ದಾಸವಾಳವೂ ಇತ್ತು. ಆ ಹುಳಿಗೆ ಹಾಲು ಕೂಡಲೇ ಒಡೆದು, ಕೆಂಪು ನೀರಿನಲ್ಲಿ ಬಿಳಿ ಮುದ್ದೆ ತೇಲಿತು. "ಹಾಲ್ ಹಾಕೂಕಾಗ ಅಂದ್ ಮೊದ್ಲೇ ಹೇಳೂಕಾಗ್ದಾ?" ಅಂತ ನನಗೇ ಬೈದ. ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಜ್ವರ ಬಂದ ಮೇಲೆ ಅವಳು ಅಷ್ಟು ನಕ್ಕಿದ್ದನ್ನು ನಾನು ಕಂಡೇ ಇರಲಿಲ್ಲ.

ಆಮೇಲೆ ಪರೀಕ್ಷೆ. ಮಾವಿನ ಪೊಟ್ಟಣ ಬಿಡಿಸಿ ಹಿಡಿದೆ. ಅಮ್ಮ ಮೂಸಿ, ಸ್ವಲ್ಪ ಯೋಚಿಸಿ, "ಮಾವಿನ್ಹಣ್" ಅಂದಳು. ಕಿತ್ತಳೆ ಹಿಡಿದೆ. "ಕಿತ್ಲೆ." ನಾನು ಎದ್ದು ಕುಣಿಯುವುದೊಂದು ಬಾಕಿ! ತಮ್ಮನಿಗೆ ಮಾತ್ರ ಅನುಮಾನ. ಅವನು ಹೆಗಲ ಮೇಲಿದ್ದ ಟವೆಲಿನಿಂದ ಅಮ್ಮನ ಕಣ್ಣು ಕಟ್ಟಿ, ಮತ್ತೆ ಮಾವಿನ ಪೊಟ್ಟಣವನ್ನೇ ಹಿಡಿದ. ಅಮ್ಮ ಬಹಳ ಹೊತ್ತು ಮೂಸಿದಳು. "ಕಿತ್ಲೆ" ಅಂದಳು. ಇನ್ನೊಂದು ಹಿಡಿದ. "ಅದೂ ಕಿತ್ಲೆ."

ಎಲೆಯ ನಡುವಿನ ಹಣ್ಣಿನ ಚೂರು, ಸಿಪ್ಪೆ ಕಣ್ಣಿಗೆ ಕಂಡು ಹೇಳಿದ್ದಳು ಅಷ್ಟೆ. ಟವೆಲು ಬಿಚ್ಚುವಾಗ ಅವಳ ಮುಖ ಚಿಕ್ಕದಾಗಿತ್ತು. "ನೀನ್ ಅಷ್ಟ್ ದೂರದಿಂದ ಹೊತ್ಕಂಡ್ ಬಂದಿದ್ದೆ. ನಿನ್ ಖುಷಿಗ್ ಹೇಳ್ದೆ ಮಗಾ. ನಂಗೆಂತದೂ ಬತ್ತಿಲ್ಲ" ಅಂದಳು. ನನಗೆ ಅಳುವೂ ಬಂತು, ಸಿಟ್ಟೂ ಬಂತು. ತಮ್ಮನ ಮೇಲೆ ಕೂಗಾಡಿದೆ. ಅವನದೇನೂ ತಪ್ಪಿರಲಿಲ್ಲ, ಆದರೆ ಕೂಗಲು ಬೇರೆ ಯಾರಿದ್ದರು?

ಅಷ್ಟಾದರೂ ಅಮ್ಮ ಮೂಸುವುದು ಬಿಡಲಿಲ್ಲ. ನನ್ನ ಮುಖ ನೋಡಿ ಬಿಡಲಿಲ್ಲವೋ, ಹಟಕ್ಕೋ ತಿಳಿಯದು. ಮಳೆಯೇ ಮಳೆ. ನಾನು ದಿನಾ ಸಂಜೆ ಕೆಲಸದಿಂದ ಬಂದು ಒಂದೊಂದು ಚಾ ಮಾಡಿ ಲೋಟ ಅವಳ ಕೈಗೆ ಕೊಡುವುದು, ಅವಳು ಮೂಸಿ ಇಲ್ಲ ಅಂತ ತಲೆ ಆಡಿಸಿ ಕುಡಿಯುವುದು. ನನಗೋ ರುಚಿ ಹತ್ತಿಬಿಟ್ಟಿತ್ತು. ಕಿತ್ತಳೆಗೆ ಚೂರು ಬೆಲ್ಲ ಹಾಕಿದರೆ ಬಹಳ ಚೆನ್ನ, ಸ್ಟ್ರಾಬೆರಿ ತಣಿದ ಮೇಲೆಯೇ ಒಳ್ಳೆಯದು, ಹೀಗೆಲ್ಲ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಡಿಸುತ್ತ ಗಿರಾಕಿಗಳಿಗೂ ಹೇಳತೊಡಗಿದ್ದೆ. ನನ್ನ ನಾಲಗೆ ಈಗ ಬಲು ಸೂಕ್ಷ್ಮ ಅನ್ನುವ ಅಹಂಕಾರ ಬೇರೆ. ಲಿಚಿಯೊಂದನ್ನು ಮಾತ್ರ ಆಮೇಲೆ ಕುಡಿಯೋಣ ಅಂತ ಉಳಿಸಿ ತಮ್ಮನ ಕೈಗೆ ಕೊಟ್ಟು ಎತ್ತಿಡಲು ಹೇಳಿದ್ದೆ.

ಕೊನೆಗೆ ಒಂದು ಸಂಜೆ ಅದನ್ನೇ ಇಳಿಸಿ ಕೊಡಲು ಅವನಿಗೆ ಹೇಳಿದೆ. ಚಾ ಮಾಡಿ ಮೊದಲು ನಾನೇ ಕುಡಿದೆ. ಆಹಾ! ಲಿಚಿಯ ಹಿಂದೆ ಇನ್ನೊಂದೇನೋ ಇತ್ತು, ಗಾಢವಾಗಿ, ಸ್ವಲ್ಪ ಉಪ್ಪುಪ್ಪಾಗಿ. ಒಳ್ಳೆಯ ಎಲೆಯ ಗುಣವೇ ಇದು ಅಂತ ಕಣ್ಣು ಮುಚ್ಚಿ ಇನ್ನೊಂದು ಗುಟುಕು ಕುಡಿದೆ. ಅಮ್ಮನಿಗೆ ಲೋಟ ಕೊಟ್ಟೆ. ಅವಳು ಬಾಯಿಯ ಹತ್ತಿರ ತಂದವಳು ನಿಂತಳು. ಮತ್ತೆ ಮೂಸಿದಳು. ಮುಖ ಸಿಂಡರಿಸಿದಳು.

"ಇದೆಂತ ಮಾರಾಯ್ತಿ, ಚಾದಗೆ ಒಣ ಚಟ್ಲಿ ಪರ್ಮಳ ಬತ್ತಿತ್ತ್!"

ಒಣ ಚಟ್ಲಿ ಅಂದರೆ ಒಣಗಿಸಿದ ಸಿಗಡಿ. ನನಗೆ ಸಿಟ್ಟು ನೆತ್ತಿಗೇರಿತು. ಅಂಥ ಚಾವನ್ನು ತಮಾಷೆ ಮಾಡುವುದೇ? "ಸುಮ್ನಿರಮ್ಮ, ಮತ್ತೆ ನನ್ನ ಖುಷಿಗೆ ಎಂತದಾರೂ ಹೇಳ್ಬೇಡ" ಅಂದೆ. "ಖುಷಿಗಾ?" ಅಮ್ಮನ ದನಿ ಏರಿತು. "ಚಟ್ಲಿ ಅಂದ್ರೆ ಯಾರಿಗೆ ಖುಷಿ ಆತ್ತನೇ? ಹೆಣ್ಣೇ, ಇದ್ ಚಟ್ಲಿಯೇ!"

ಆಗ ತಮ್ಮನ ಮುಖ ನೋಡಬೇಕಿತ್ತು. ಎದ್ದವನೇ ಹೊರಗಿನ ಹಲಗೆಯತ್ತ ಓಡಿದ. ಮಳೆಗಾಲಕ್ಕೆಂದು ನಮ್ಮ ಮನೆಯಲ್ಲಿ ಒಣಮೀನಿನ ಡಬ್ಬಗಳೆಲ್ಲ ಅಲ್ಲೇ ಇರುವುದು. "ಅಕ್ಕ, ಪೊಟ್ಟಣ ನಾನೇ ಚಟ್ಲಿ ಡಬ್ಬದೊಳ್ಗ್ ಇಟ್ಟದ್ದ್! ಥಂಡಿ ಹಿಡೂದ್ ಬ್ಯಾಡ ಅಂದ್ಹೇಳಿ, ಮುಚ್ಚಳ ಗಟ್ಟಿ ಇಪ್ಪುದ್ ಅದೊಂದೇ!" ಬರೀ ಕಾಗದದ ಪೊಟ್ಟಣ. ಎಲೆ ಚಟ್ಲಿಯ ಪರಿಮಳವನ್ನು ಹೀರಿ ಹೀರಿ ತೃಪ್ತಿಯಾಗಿ ಕೂತಿತ್ತು. ಹುಟ್ಟಿದಾಗಿನಿಂದ ಒಣಮೀನಿನ ಗಾಳಿಯಲ್ಲೇ ಉಸಿರಾಡಿದ ನನಗೂ ಅವನಿಗೂ ಅದು ಪರಿಮಳವೆಂದೇ ಲೆಕ್ಕಕ್ಕಿಲ್ಲ. ಎಷ್ಟೋ ತಿಂಗಳಿನಿಂದ ಯಾವ ಪರಿಮಳವೂ ಇಲ್ಲದೆ ಇದ್ದ ಅಮ್ಮನ ಮೂಗಿಗೆ ಮಾತ್ರ ಅದು ಹೊಸದಾಗಿ ಬಂದು ಬಡಿದಿತ್ತು.

ನಾನು ಕಿರುಚಿದ್ದು ಕೇಳಿ ಪಕ್ಕದ ಮನೆಯವರು ಎಂತಾಯಿತು ಅಂತ ಕೂಗಿದರು. ಟವೆಲು ತಂದೆ. ಈ ಸಲ ಕಣ್ಣು ಕಟ್ಟಿದ್ದು ನಾನೇ. ಮಾವಿಗೆ ಇಲ್ಲ ಅಂದಳು. ಸ್ಟ್ರಾಬೆರಿಗೂ ಇಲ್ಲ. ಕಿತ್ತಳೆಗೆ ತಡೆದು, "ದೂರದಿಂದ ಸಿಪ್ಪಿ ಸುಲ್ದಂಗ್ ಕಾಂತಿತ್ತ್" ಅಂದಳು. ಚಟ್ಲಿಯ ಡಬ್ಬವನ್ನು ತಮ್ಮ ಬಾಗಿಲಲ್ಲಿ ನಿಂತು ತೆರೆದ ಅಷ್ಟೆ, "ಮುಚ್ಚಾ, ಹುಳ ಬೀಳತ್ತ್!" ಅಂತ ಗದರಿದಳು. ಹಳೆಯ ಗಂಟಲು, ಮಾರ್ಕೆಟ್ಟಿನ ಗಂಟಲು. ಕಣ್ಣು ಕಟ್ಟಿಕೊಂಡೇ ಅಳುತ್ತಿದ್ದಳು, ಟವೆಲು ಒದ್ದೆಯಾಯಿತು.

ಉಳಿದ ಪರಿಮಳಗಳು ಆಮೇಲೆ ಒಂದೊಂದೇ, ಅವಕ್ಕೆ ಬೇಕಾದ ಹಾಗೆ ಬಂದವು. ಮಾವಿನದ್ದು ಎಲ್ಲಕ್ಕಿಂತ ತಡ. ನಾನು ಕುಂದಾಪುರದ ಅಂಗಡಿಯವರಿಗೆ ಈ ಕತೆ ಹೇಳಿದರೆ ಅವರು ನಕ್ಕು ನಕ್ಕು ಸುಸ್ತಾದರು. ಚಟ್ಲಿ ಡಬ್ಬದಲ್ಲಿಟ್ಟ ಚಾವನ್ನು ಒಳ್ಳೆಯ ಎಲೆ ಅಂತ ಕಣ್ಣು ಮುಚ್ಚಿ ಹೊಗಳಿದವಳು ನಾನು ಅನ್ನುವುದನ್ನು ಮಾತ್ರ ಅವರಿಗೆ ಹೇಳಲಿಲ್ಲ.

ಬೋಟುಗಳು ಮತ್ತೆ ಕಡಲಿಗಿಳಿದ ವಾರ ಅಮ್ಮ ಕವುಚಿದ ಬುಟ್ಟಿಯನ್ನು ಎತ್ತಿ ಉಜ್ಜಿ ತೊಳೆದಳು. ನಾನು ಕೆಲಸಕ್ಕೆ ರಜೆ ಹಾಕಿ ಅವಳ ಹಿಂದೆ ಹೋದೆ. ಒಬ್ಬರು ಬಂಗಡೆಯ ಬುಟ್ಟಿ ತಂದು ಅವಳ ಮುಂದಿಟ್ಟು, ಈಗಷ್ಟೇ ಬಂದದ್ದು ಅಂದರು. ಅಮ್ಮ ಮುಚ್ಚಳ ಮುಟ್ಟಲಿಲ್ಲ. ಮೂಗೇರಿಸಿದಳು.

"ನಿನ್ನಿದ್ದ್" ಅಂದಳು. "ತಕಂಡ್ ಹೋಗ್."

ಅವರು ನಾಲಗೆ ಕಚ್ಚಿಕೊಂಡು ಬುಟ್ಟಿ ಎತ್ತಿಕೊಂಡರು. ಇಡೀ ಮಾರ್ಕೆಟ್ಟಿಗೆ ಕೇಳುವ ಹಾಗೆ ನಗಬೇಕು ಅನ್ನಿಸಿತು ನನಗೆ. ನಕ್ಕೆ ಕೂಡ.

ಆ ಸಂಜೆ ಮನೆಗೆ ಬಂದು, ಉಳಿದ ಲಿಚಿ ಪೊಟ್ಟಣವನ್ನು ತೆಂಗಿನ ಬುಡಕ್ಕೆ ಸುರಿಯಲು ಹೊರಟಿದ್ದೆ. ಅಮ್ಮ ಕೈಯಿಂದ ಕಸಿದುಕೊಂಡಳು. "ಅದ್ನ ಯಾರೂ ಮುಟ್ಟೂಕಿಲ್ಲ, ಅದ್ ನಂದ್" ಅಂದಳು. ತಾನೇ ನೀರು ಕಾಯಿಸಿ, ಎಲೆ ಹಾಕಿ, ಮುಚ್ಚಿಟ್ಟು, ಸೋಸಿದಳು. ಲೋಟವನ್ನು ಮೂಗಿನ ಕೆಳಗೆ ಹಿಡಿದು ಬಹಳ ಹೊತ್ತು ಕೂತಳು. ಒಂದು ಗುಟುಕು ಕುಡಿದು ಮುಖ ಕಿವುಚಿದಳು.

"ಥೂ, ಎಂತ ಹಾಳ್ ಚಾ ಮಾರಾಯ್ತಿ ಇದ್" ಅಂದಳು. ಅಂದು, ತಳದವರೆಗೂ ಕುಡಿದು, ಇನ್ನೊಂದು ಲೋಟ ಹೊಯ್ದುಕೊಂಡಳು.